ಪಂಪು ಹೊರುವವನಿಗೆ ತರಬೇತಿ ಯಾವಾಗ?

ಮಾನ್ಯ ಸಂಪಾದಕರೇ,

ನಾನು ಬ್ಯಾಡಗಿ ತಾಲ್ಲೂಕಿನ ಮೆಣಸಿನಕಾಯಿ ಬೆಳೆಗಾರ. ಮೂರು ಎಕರೆ ಹೊಲ. ಹೋದ ವರ್ಷ ನಮ್ಮಲ್ಲಿ ಎಣ್ಣೆ ಹೊಡೆಯುತ್ತಿದ್ದ ಹುಡುಗ ಹನ್ನೊಂದನೇ ಟ್ಯಾಂಕು ಮುಗಿಸಿ ಬದುವಿನ ಮೇಲೆ ಕುಸಿದು ಕೂತ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅಂತಲೇ ಅನ್ನುವುದು. "ಕಣ್ಣು ಮಂಜ್ ಆಗಾಕತ್ತಾವ್ರೀ ಅಣ್ಣಾರ" ಅಂದ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಆಮೇಲೆ ವಾಂತಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಮೊದಲು ಕೇಳಿದ್ದು, "ಯಾವ ಔಷಧ? ಬಾಟಲಿ ತಂದಿದ್ದೀರಾ?" ತಂದಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಅಂಗಡಿಯವರು ಮೂರು ಬಾಟಲಿ ಕೊಟ್ಟು ಕೂಡಿಸಿ ಹೊಡೀರಿ ಅಂದಿದ್ದರು, ಹೊಡೆದಿದ್ದೆವು. ಅಟ್ರೋಪಿನ್ ಅನ್ನುವ ವಿಷ ಇಳಿಸುವ ಮದ್ದು ಕೊಟ್ಟು ಎರಡು ದಿನ ಇಟ್ಟುಕೊಂಡರು. ಹುಡುಗ ಉಳಿದ.

ಮನೆಗೆ ಬಂದು ಬಾಟಲಿಗಳನ್ನು ಹುಡುಕಿದೆ. ಒಂದರ ಕತ್ತಿಗೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದ್ದ ಚೀಟಿ ಬಿಚ್ಚದೆ ಹಾಗೇ ಇತ್ತು. ಕನ್ನಡಕ ಹಾಕಿಕೊಂಡು ಓದಿದೆ. ಕನ್ನಡದಲ್ಲೂ ಇತ್ತು, ಇರುವೆ ಸಾಲಿನಂಥ ಅಕ್ಷರ. ಕೈಗವಸು ಹಾಕಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ವಿಷ ಏರಿದರೆ ಈ ಮದ್ದು, ಎಲ್ಲ ಬರೆದಿತ್ತು. ಡಬ್ಬಿಯ ಮೇಲಿನ ತ್ರಿಕೋನ ಹಳದಿ. ಕೆಂಪು ಇದ್ದರೆ ಮಾತ್ರ ವಿಷ ಅಂತ ಇಷ್ಟು ವರ್ಷ ತಿಳಿದಿದ್ದೆ. ಹಳದಿ ಅಂದರೆ ಕೆಂಪಿನ ನಂತರದ್ದೇ, ಅದೂ ಕಡು ವಿಷವೇ. ಆ ದಿನ ಮೋಡ ಕವಿದಿತ್ತು, "ಗಾಳಿ ಇದ್ದರೂ ಪರವಾಗಿಲ್ಲ, ಮಳೆ ಬರೋದರೊಳಗೆ ಮುಗಿಸು" ಅಂದವನು ನಾನೇ.

2021ರಿಂದ ಗಿಡದ ರಸ ಹೀರುವ ಕಪ್ಪು ಥ್ರಿಪ್ಸ್ ಹುಳದ ಕಾಟ ಶುರುವಾದ ಮೇಲೆ ನಮ್ಮಲ್ಲಿ ಎಣ್ಣೆ ಹೊಡೆಯುವುದು ಜಾಸ್ತಿಯಾಗಿದೆ. ಹೊಡೆಯುವವರು ಹೆಚ್ಚಾಗಿ ಭೂಮಿ ಇಲ್ಲದವರು. ಟ್ಯಾಂಕಿಗೆ ಇಷ್ಟು ಅಂತ ಕೂಲಿ. ಪಂಪಿನ ತುದಿಯ ನಾಝಲ್ ಕಸ ಸಿಕ್ಕಿ ಕಟ್ಟಿಕೊಂಡರೆ ಬಾಯಿಂದಲೇ ಊದುತ್ತಾರೆ. ನಾನೂ ಊದಿದವನೇ, ಸುಳ್ಳು ಯಾಕೆ ಹೇಳಲಿ. ಅದೇ ಕೈಯಲ್ಲಿ ಗುಟ್ಕಾ ಚೀಟಿ ಹರಿಯುತ್ತಾರೆ. ಸಂಜೆ ಆ ಬಟ್ಟೆಯನ್ನು ಮನೆಯ ಹೆಂಗಸರು ಮಕ್ಕಳ ಬಟ್ಟೆ ಜೊತೆಗೇ ಒಗೆಯುತ್ತಾರೆ.

ಮಾರುವವರಿಗೆ 'ದೇಸಿ' ಅಂತ ಒಂದು ವರ್ಷದ ಡಿಪ್ಲೊಮಾ ಇದೆ, 48 ವಾರದ ಪಾಠ. ಒಳ್ಳೆಯದೇ. ಬೆನ್ನಿಗೆ ಪಂಪು ಕಟ್ಟಿಕೊಳ್ಳುವವನಿಗೆ 48 ನಿಮಿಷವಾದರೂ ಬೇಡವೇ? ತಯಾರಕರು, ವಿತರಕರು ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡಿಸಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆಯಂತೆ. ಅದು ನಮ್ಮ ಬದುವಿನ ತನಕ ಬಂದಿಲ್ಲ. ಅಮೆರಿಕದಲ್ಲಿ ಕಡು ವಿಷದ ಔಷಧಗಳನ್ನು ತನ್ನ ಸ್ವಂತ ಹೊಲಕ್ಕೆ ಹೊಡೆಯಬೇಕಾದರೂ ರೈತನಿಗೆ ಪ್ರಮಾಣಪತ್ರ ಬೇಕು, ಅದನ್ನು ಆಗಾಗ ಹೊಸದು ಮಾಡಿಸಬೇಕು. ನಮಗೆ ಅಷ್ಟೆಲ್ಲ ಈಗಲೇ ಬೇಡ. 2017ರಲ್ಲಿ ಪಕ್ಕದ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆದು 20ಕ್ಕೂ ಹೆಚ್ಚು ಜನ ಸತ್ತರಲ್ಲ, ಅಂಥದ್ದು ಇಲ್ಲಿ ಆಗುವ ಮುಂಚೆ ಒಂದು ದಿನದ ತರಬೇತಿಯಾದರೂ ಆಗಲಿ.

ಇದನ್ನೇ ಕೇಳಿಕೊಂಡು ಒಂದು ಕಚೇರಿಗೆ ಹೋದೆ. ತರಬೇತಿಗೆ ಬರುವವರ ಎಫ್‌ಐಡಿ ನಂಬರ್ ಕೊಡಿ ಅಂದರು. ಅದು ಹೊಲದ ದಾಖಲೆ ನೋಡಿ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ಹೊಲವೇ ಇಲ್ಲದವನಿಗೆ ಎಲ್ಲಿಂದ ಎಫ್‌ಐಡಿ? ಇನ್ನೊಂದು ಕಡೆ, ಇದು ಆರೋಗ್ಯ ಇಲಾಖೆ ಕೆಲಸ ಅಂದರು. ಅಲ್ಲಿ ಹೋದರೆ, ಕೃಷಿಯವರನ್ನು ಕೇಳಿ ಅಂದರು. ಎಲ್ಲರೂ ಕೊನೆಗೆ ಹೇಳಿದ್ದು ಒಂದೇ: ಅನುದಾನ ಇಲ್ಲ.

ಒಂದು ಲೆಕ್ಕ ನೋಡಿ. ಕಳೆದ ಹಂಗಾಮಿನಲ್ಲಿ ತೆರಿಗೆ ಬಿಟ್ಟು 60,000 ರೂಪಾಯಿಯ ಎಣ್ಣೆ ತಂದೆ. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 10,800. ನಮ್ಮೂರಲ್ಲಿ ಎಣ್ಣೆ ಹೊಡೆಯುವವರು 20 ಜನ. ತರಬೇತಿಯ ದಿನದ ಕೂಲಿ ತಲಾ 500 ಕೊಟ್ಟರೂ 10,000. ನಾನೊಬ್ಬ ಕಟ್ಟಿದ ತೆರಿಗೆಯಲ್ಲೇ ಊರಿನವರ ಕೂಲಿ ಮುಗಿದು ಚಹಾಕ್ಕೂ ಉಳಿಯುತ್ತದೆ, ಅಲ್ವಾ? ಕೂಲಿ ಕೊಡದೆ ಕರೆದರೆ ಯಾರೂ ಬರುವುದಿಲ್ಲ, ಬಂದರೆ ನನ್ನಂಥ ಹೊಲದವರು ಬಂದು ಫೋಟೊ ತೆಗೆಸಿಕೊಂಡು ಹೋಗುತ್ತೇವೆ.

ಹಣ ಒಂದೇ ಕಡೆ ಬರಲಿ, ಕರೆಯುವವರು ಒಬ್ಬರೇ ಇರಲಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಹನುಮನಮಟ್ಟಿಯಲ್ಲಿದೆ, ಅವರಿಗೇ ವಹಿಸಬಹುದು. ಹೆಸರು ಬರೆದುಕೊಳ್ಳುವುದು ಪಂಚಾಯಿತಿ ಮಾಡಲಿ, ಎಫ್‌ಐಡಿ ಕೇಳದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬರು ಜೊತೆಗಿರಲಿ. ಸುಮ್ನೆ ಭಾಷಣ ಬೇಡ. ಟ್ಯಾಂಕಿಗೆ ನೀರು ತುಂಬಿ, ಬೆರೆಸುವುದು, ನಾಝಲ್ ತೊಳೆಯುವುದು, ಗಾಳಿ ನೋಡುವುದು ಮಾಡಿಸಿ ತೋರಿಸಲಿ. ಬಟ್ಟೆ ಒಗೆಯುವ ಹೆಂಗಸರನ್ನೂ ಕರೆಯಲಿ.

ಆ ಹುಡುಗ ಈ ವರ್ಷವೂ ಎಣ್ಣೆ ಹೊಡೆಯಲು ಬರುತ್ತಾನೆ. ಅವನಿಗೆ ಬೇರೆ ಕೆಲಸ ಇಲ್ಲ, ನನಗೆ ಬೇರೆ ಆಳು ಇಲ್ಲ. ಸಸಿ ನಾಟಿ ಮಾಡುವ ಮುಂಚೆ ಯಾರಾದರೂ ಒಂದು ದಿನ ಗೊತ್ತು ಮಾಡಿ ಬರಲಿ. ಊರಿನ ಸಮುದಾಯ ಭವನದ ಕೀಲಿ ನಮ್ಮ ಪಕ್ಕದ ಮನೆಯಲ್ಲೇ ಇರುತ್ತದೆ, ನಾನೇ ಬಾಗಿಲು ತೆಗೆಸುತ್ತೇನೆ.

– ಒಬ್ಬ ಮೆಣಸಿನಕಾಯಿ ಬೆಳೆಗಾರ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ