ಟವರ್ ಸತ್ತ ದಿನಗಳ ದುಡ್ಡು ಯಾರಿಗೆ ಸೇರಬೇಕು? ಕೇಂದ್ರ ಸಂಪರ್ಕ ಸಚಿವರಿಗೊಂದು ಬಹಿರಂಗ ಪತ್ರ

ಕೇಂದ್ರ ಸರ್ಕಾರದ ಮಾನ್ಯ ಸಂಪರ್ಕ ಸಚಿವರಿಗೆ ನಮಸ್ಕಾರಗಳು.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಅಂಚಿಗಿರುವ ಒಂದು ಹಳ್ಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನಾಡಿಗೆ ವಿದ್ಯುತ್ ಸಿಗಲೆಂದು ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟುಕೊಟ್ಟ ಸೀಮೆ ಇದು. ಕರೆಂಟು ಹೋದ ಕೂಡಲೇ ಫೋನೂ ಸಾಯುತ್ತದೆ ಎಂಬ ದೂರನ್ನು ಇಂಥ ಊರಿನಿಂದಲೇ ಬರೆಯಬೇಕಾಗಿ ಬಂದಿರುವುದು ವಿಚಿತ್ರವೇ ಸರಿ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಬೀಸಿದ ಗಾಳಿಗೆ ಲೈನಿನ ಮೇಲೆ ಮರ ಉರುಳಿ ಕರೆಂಟು ಹೋಯಿತು. ಊರಿಗಿರುವ ಒಂದೇ ಟವರ್ ಬ್ಯಾಟರಿ ಇರುವಷ್ಟು ಹೊತ್ತು, ಅಂದರೆ ಸುಮಾರು ಮೂರು ಗಂಟೆ ಉಸಿರಾಡಿ ಸುಮ್ಮನಾಯಿತು. ಅಲ್ಲಿ ಜನರೇಟರ್ ಇದೆ, ಆದರೆ ಡೀಸೆಲ್ ಹಾಕುವವರಿಲ್ಲ. ಆರು ದಿನ ನಾವು ಯಾರಿಗೂ ಸಿಗಲಿಲ್ಲ. ಊರಿನಾಚೆ ಇರುವ ಮಕ್ಕಳು ಕರೆ ಮಾಡಿದಾಗಲೆಲ್ಲ ನಾವು ‘ವ್ಯಾಪ್ತಿ ಪ್ರದೇಶದ ಹೊರಗಿದ್ದೇವೆ’ ಎಂಬ ಧ್ವನಿಮುದ್ರಿತ ಉತ್ತರ ಕೇಳಿ ಕಂಗಾಲಾದರು. ನಾವಾದರೋ ಮನೆಯ ಜಗಲಿಯಲ್ಲೇ ಕುಳಿತಿದ್ದೆವು. ಏಳನೆಯ ದಿನ ಟವರ್ ಜೀವ ಪಡೆದ ಗಳಿಗೆಯಲ್ಲೇ ನನ್ನ ಫೋನಿಗೆ ಬಂದ ಮೊದಲ ಸಂದೇಶ, ನಿಮ್ಮ ಪ್ಯಾಕ್‌ನ ಅವಧಿ ಮುಗಿದಿದೆ, ಸೇವೆ ಮುಂದುವರಿಸಲು ಕೂಡಲೇ ರೀಚಾರ್ಜ್ ಮಾಡಿ ಎಂಬುದಾಗಿತ್ತು. ಯಾವ ಸೇವೆಯನ್ನು ಮುಂದುವರಿಸುವುದು ಎಂದು ಕೇಳೋಣವೆಂದರೆ ಸಂದೇಶಕ್ಕೆ ಮರು ಉತ್ತರ ಕೊಡುವ ದಾರಿಯಿಲ್ಲ.

ಕಂಪನಿಗೆ ದೂರು ಕೊಟ್ಟೆ. ದೂರಿನ ಸಂಖ್ಯೆ ಬಂತು. ಎರಡು ದಿನ ಕಳೆದು, ನಿಮ್ಮ ಪ್ರದೇಶದಲ್ಲಿ ನೆಟ್‌ವರ್ಕ್ ಸರಿಯಾಗಿದೆ, ದೂರು ಇತ್ಯರ್ಥವಾಗಿದೆ ಎಂಬ ಸಂದೇಶವೂ ಬಂತು. ಅದರ ಮೇಲೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಮೇಲ್ಮನವಿ ಪ್ರಾಧಿಕಾರವೂ ಅದೇ ಕಂಪನಿಯೊಳಗಿನದು. ಫೋನ್ ಕಂಪನಿಗಳಿಗೆ ನಿಯಮ ಹಾಕುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಬ್ಬೊಬ್ಬ ಗ್ರಾಹಕನ ದೂರನ್ನು ವಿಚಾರಿಸುವುದಿಲ್ಲ. ಬ್ಯಾಂಕಿನ ಗ್ರಾಹಕನಿಗೆ ದೂರು ಕೇಳಲು ಬ್ಯಾಂಕಿನ ಹೊರಗಿನ ಒಂಬುಡ್ಸ್‌ಮನ್ ಇದ್ದಾನೆ, ಫೋನಿನ ಗ್ರಾಹಕನಿಗೆ ಇಲ್ಲ. ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು ಉಪಕಾರವೇ. ಆದರೆ ಆರು ದಿನದ ರೀಚಾರ್ಜ್ ಹಣಕ್ಕಾಗಿ ಶಿವಮೊಗ್ಗಕ್ಕೆ ಬಸ್ಸು ಹತ್ತಿದರೆ ಟಿಕೆಟ್ಟಿನ ದುಡ್ಡೇ ಹೆಚ್ಚಾಗುತ್ತದೆ.

ನಾನು ತಮ್ಮ ಗಮನ ಸೆಳೆಯಬೇಕೆಂದಿರುವುದು ಮುಖ್ಯವಾಗಿ ಒಂದು ನಿಯಮದತ್ತ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್‌ನ ಸೇವಾ ಗುಣಮಟ್ಟ ನಿಯಮಗಳಲ್ಲಿ, ಸೇವೆ 24 ಗಂಟೆಗೂ ಹೆಚ್ಚು ಕಾಲ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆ ಕಡಿತವನ್ನೂ ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆಯನ್ನೂ ಕೊಡಬೇಕೆಂದಿದೆ. ಓದಿ ಸಂತೋಷಪಟ್ಟೆ. ಆಮೇಲೆ ತಿಳಿಯಿತು, ಅದು ಲೆಕ್ಕಕ್ಕೆ ಹಿಡಿಯುವುದು ಇಡೀ ಜಿಲ್ಲೆಯ ಸೇವೆ ನಿಂತಾಗ ಮಾತ್ರ ಎಂದು. ಶಿವಮೊಗ್ಗ ಪೇಟೆಯಲ್ಲಿ ಫೋನು ರಿಂಗಣಿಸುತ್ತಿರುವವರೆಗೂ ಹಿನ್ನೀರಿನಾಚೆಯ ಹಳ್ಳಿ ಆರು ದಿನವಲ್ಲ, ಆರು ವಾರ ಮೂಕವಾಗಿದ್ದರೂ ನಿಯಮದ ಕಣ್ಣಿಗೆ ಏನೂ ಆಗಿಲ್ಲ. ಮಲೆನಾಡಿನಲ್ಲಿ ಜಿಲ್ಲೆಗೆ ಜಿಲ್ಲೆಯೇ ಒಟ್ಟಿಗೆ ಬಂದ್ ಆಗುವುದು ಅಪರೂಪ. ಇಲ್ಲಿ ಟವರ್‌ಗಳು ಒಂದೊಂದಾಗಿ, ಒಂದೊಂದು ಗುಡ್ಡದ ಮೇಲೆ ಸಾಯುತ್ತವೆ.

ಪರಿಹಾರದ ಮಾತು ಹೊಸದಲ್ಲವೆಂಬುದು ತಮಗೆ ಗೊತ್ತೇ ಇದೆ. ಕಡಿದುಹೋದ ಕರೆಯೊಂದಕ್ಕೆ 1 ರೂಪಾಯಿಯಂತೆ, ದಿನಕ್ಕೆ ಹೆಚ್ಚೆಂದರೆ ಮೂರು ಕರೆಗಳಿಗೆ ಕೊಡಬೇಕೆಂದು ಟ್ರಾಯ್ 2015ರಲ್ಲಿ ಹೊರಡಿಸಿದ್ದ ನಿಯಮವನ್ನು 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕರೆ ಕಡಿಯುವುದರಲ್ಲಿ ಕಂಪನಿಯ ತಪ್ಪು ಎಷ್ಟು, ಇತರ ಕಾರಣಗಳೆಷ್ಟು ಎಂದು ನೋಡದೆ ಹೊರೆ ಹೊರಿಸುವುದು ಸರಿಯಲ್ಲವೆಂಬುದು ಅಲ್ಲಿ ಎದ್ದ ಆಕ್ಷೇಪಗಳಲ್ಲೊಂದು. ಒಪ್ಪೋಣ. ಆದರೆ ಡೀಸೆಲ್ ಇಲ್ಲದೆ ನಿಂತ ಟವರ್‌ನ ವಿಷಯದಲ್ಲಿ ಅಂಥ ಅನುಮಾನಕ್ಕೆ ಎಡೆ ಎಲ್ಲಿದೆ? ಯಾವ ಟವರ್ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಎದ್ದಿತು ಎಂಬುದು ಕಂಪನಿಯ ಕಂಪ್ಯೂಟರಿನಲ್ಲೇ ದಾಖಲಾಗುತ್ತದೆ. ನನ್ನ ಪ್ಯಾಕ್ ಮುಗಿಯುವ ದಿನವನ್ನು ತಪ್ಪದೆ ನೆನಪಿಡುವ ಯಂತ್ರಕ್ಕೆ ಅದಕ್ಕೆ ಆರು ದಿನ ಸೇರಿಸುವುದು ಕಷ್ಟದ ಕೆಲಸವಲ್ಲ.

ಇನ್ನು ಜಾಹೀರಾತುಗಳ ಮಾತು. ಅನ್‌ಲಿಮಿಟೆಡ್ 5ಜಿ ಎಂಬ ದಪ್ಪಕ್ಷರದ ಕೆಳಗೆ, ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಯಾಕ್ ಹಾಕಿಸಿದವರಿಗೆ, 5ಜಿ ಇರುವ ಕಡೆ ಎಂಬ ಷರತ್ತು ಇರುವೆ ಸಾಲಿನಂಥ ಅಕ್ಷರಗಳಲ್ಲಿರುತ್ತದೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ 4ಜಿಯೂ ನೆಟ್ಟಗೆ ಸಿಗದ ನಾವು ಬೆಂಗಳೂರಿನವರಷ್ಟೇ ಹೆಚ್ಚು ಕೊಟ್ಟೆವು. ತಿಂಗಳೆಂದರೆ 28 ದಿನವೆಂದು ಲೆಕ್ಕ ಹಾಕಿ ವರ್ಷಕ್ಕೆ 13 ಸಲ ರೀಚಾರ್ಜ್ ಮಾಡಿಸುವ ಈ ಪಂಚಾಂಗವನ್ನು ಯಾವ ಜೋಯಿಸರು ಬರೆದರೋ! ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿಗೆಂದೇ ಪ್ರತ್ಯೇಕ ಪ್ಯಾಕ್ ಇಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದ ಮೇಲೆ ಅವು ಬಂದಿವೆಯಾದರೂ, ಅಂಥ ಪ್ಯಾಕ್‌ನ ಜಾಹೀರಾತನ್ನು ನಾನು ಟಿವಿಯಲ್ಲಾಗಲೀ ಅಂಗಡಿಯ ಬೋರ್ಡಿನಲ್ಲಾಗಲೀ ಇದುವರೆಗೆ ಕಂಡಿಲ್ಲ.

ಬೇಡವಾದರೆ ಬೇರೆ ಕಂಪನಿಗೆ ಪೋರ್ಟ್ ಆಗಿ ಎನ್ನುವವರಿದ್ದಾರೆ. 2011ರಿಂದ ದೇಶಕ್ಕೆಲ್ಲ ಇರುವ ಆ ಹಕ್ಕು ಒಂದೇ ಟವರ್ ಇರುವ ಊರಿನಲ್ಲಿ ಕನ್ನಡಿಯೊಳಗಿನ ಗಂಟು. ಫೋನನ್ನೇ ಬಿಟ್ಟುಬಿಡೋಣವೆಂದರೆ ಸರ್ಕಾರವೇ ಬಿಡುವುದಿಲ್ಲ: ಪಡಿತರದ ಅಕ್ಕಿಗೆ ಹೆಬ್ಬೆರಳು ಒತ್ತಲು, ಬೆಳೆ ಸಮೀಕ್ಷೆಯ ಆ್ಯಪ್‌ಗೆ, ಬ್ಯಾಂಕಿನ ಒಟಿಪಿಗೆ, ಎಲ್ಲಕ್ಕೂ ನೆಟ್‌ವರ್ಕ್ ಬೇಕು. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳು ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಕಟ್ಟಿಕೊಂಡು ಪಾಠ ಕೇಳಿದ್ದು, ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂದು ನಮ್ಮ ಸೀಮೆಯ ಹಳ್ಳಿಗಳು ಬ್ಯಾನರ್ ಕಟ್ಟಿದ್ದು ಸಿಟ್ಟಿನ ಶೋಕಿಗಲ್ಲ.

2022ರಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಟವರ್ ನೆಡುವುದು ಒಳ್ಳೆಯದೇ. ಆದರೆ ನೆಟ್ಟ ಟವರ್ ಮಳೆಗಾಲದಲ್ಲಿ ನಿಂತುಹೋದರೆ ಕಂಪನಿಗೆ ಒಂದು ರೂಪಾಯಿಯೂ ನಷ್ಟವಾಗದ ವ್ಯವಸ್ಥೆಯಲ್ಲಿ ಡೀಸೆಲ್ ಡಬ್ಬ ಹೊತ್ತು ಗುಡ್ಡ ಹತ್ತುವವರು ಯಾರು? ಆದ್ದರಿಂದ ನಷ್ಟ ಪರಿಹಾರದ ಅಳತೆಗೋಲನ್ನು ಜಿಲ್ಲೆಯಿಂದ ಟವರ್‌ಗೆ ಇಳಿಸುವಂತೆ, ಮತ್ತು ಗ್ರಾಹಕ ಅರ್ಜಿ ಹಾಕದೆಯೇ ಪ್ಯಾಕ್‌ನ ಅವಧಿ ತಾನಾಗಿ ಮುಂದೆ ಹೋಗುವಂತೆ ನಿಯಮ ತಿದ್ದಲು ತಮ್ಮ ಇಲಾಖೆಯಿಂದ ಟ್ರಾಯ್‌ಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ತಾವು ಉತ್ತರ ಕೊಡುವುದಾದರೆ ದಯವಿಟ್ಟು ಕಾಗದ ಬರೆಯಿರಿ. ಅಂಚೆ ಇಲಾಖೆಯೂ ತಮ್ಮ ಸಚಿವಾಲಯಕ್ಕೇ ಸೇರಿದ್ದು, ಮತ್ತು ನಮ್ಮೂರಿನ ಅಂಚೆಯವರು ಆ ಆರು ದಿನವೂ ಕೊಡೆ ಹಿಡಿದು ಬಂದಿದ್ದರು.

ಇಂತಿ,
ಹಿನ್ನೀರಿನ ಅಂಚಿನ ಒಬ್ಬ ಪ್ರೀಪೇಯ್ಡ್ ಗ್ರಾಹಕ