ನೋವಿಲ್ಲ ಅಂದೆಯಲ್ಲ, ಪುಟ್ಟಿ

ಬೆಂಗಳೂರು
ಗುರುವಾರ, ಬೆಳಗಿನ ಜಾವ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. "ಎಲ್ಲ ಬಿಟ್ಟು ಮನೆಗೆ ಬಾ" ಅಂದದ್ದು ನನ್ನ ತಪ್ಪು. ದೂರದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪಿಯಾನೋ ಬಾರಿಸಿ ಸ್ವಂತ ದುಡಿಮೆಯಿಂದ ನಿಂತಿರುವ ಮಗಳಿಗೆ ಹಾಗೆ ಹೇಳಬಾರದಿತ್ತು. ಆದರೆ ಫೋನ್ ಇಡುವ ಮುಂಚೆ ನೀನು ಒಂದು ಮಾತಂದೆ: "ಕಿರುಬೆರಳು ಒಳಗೆ ಮಡಚ್ಕೊಳ್ಳತ್ತೆ ಅಷ್ಟೇ, ನೋವೇನೂ ಇಲ್ಲ ಅಪ್ಪ." ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅಂತ ಗೊತ್ತು. ರಾತ್ರಿಯೆಲ್ಲ ನಿದ್ದೆ ಬಾರದ್ದು ಆ ಮಾತಿಗೇ.

ನೋವಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಮಣಿಕಟ್ಟು ಊದಿಕೊಂಡರೆ ನೋಯುತ್ತದೆ, ನೋವೇ ಕೈಯನ್ನು ನಿಲ್ಲಿಸುತ್ತದೆ. ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನರ್ ನರ ಒತ್ತಿಕೊಂಡರೆ ಉಂಗುರಬೆರಳೂ ಕಿರುಬೆರಳೂ ಜುಮ್ಮೆನ್ನುತ್ತವೆ, ಮೊಣಕೈ ಮಡಚಿ ಮಲಗಿದ ರಾತ್ರಿ ಅದು ಹೆಚ್ಚುತ್ತದೆ. ಇವೆರಡೂ ಅಲ್ಲದ ಮೂರನೆಯದೊಂದಿದೆ, ಫೋಕಲ್ ಡಿಸ್ಟೋನಿಯಾ. ಅದರಲ್ಲಿ ಸಾಮಾನ್ಯವಾಗಿ ನೋವೂ ಇರುವುದಿಲ್ಲ, ಜೋಮೂ ಇರುವುದಿಲ್ಲ. ಹಿಟ್ಟು ನಾದುವಾಗ, ಜಡೆ ಹೆಣೆಯುವಾಗ ಬೆರಳು ಎಂದಿನಂತೆಯೇ ಇರುತ್ತದೆ. ಕೀ ಮೇಲೆ ಇಟ್ಟ ಕೂಡಲೇ ಸುರುಟಿಕೊಳ್ಳುತ್ತದೆ. ಕೆಟ್ಟಿರುವುದು ಬೆರಳಲ್ಲ. ಮಿದುಳಿನಲ್ಲಿ ಒಂದೊಂದು ಬೆರಳಿಗೂ ಇರುವ ಜಾಗಗಳ ನಡುವಿನ ಗಡಿ ಕಲಸಿಹೋಗಿರುತ್ತದೆ. ಒಂದು ಬೆರಳಿಗೆ ಹೇಳಿದ್ದನ್ನು ಪಕ್ಕದ್ದೂ ಕೇಳಿಸಿಕೊಳ್ಳುತ್ತದೆ. ಹೆಚ್ಚು ಸಾಧನೆ ಮಾಡಿದಷ್ಟೂ ಹೆಚ್ಚು ಕಲಸುತ್ತದೆ. ವೃತ್ತಿಯಲ್ಲಿರುವ ಸಂಗೀತಗಾರರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ ಅನ್ನುತ್ತಾರೆ.

ನಿನ್ನದು ಅದೇ ಅಂತ ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು. ಆದರೆ ಅಮೆರಿಕದ ಪಿಯಾನಿಸ್ಟ್ ಲಿಯಾನ್ ಫ್ಲೈಶರ್ ನೆನಪಾದರು. 1964ರಲ್ಲಿ ಅವರ ಬಲಗೈಯ ಇದೇ ಎರಡು ಬೆರಳು, ಉಂಗುರದ್ದು ಮತ್ತು ಕಿರಿದು, ಒಳಗೆ ಮಡಚತೊಡಗಿದಾಗ ಅವರು ಮಾಡಿದ್ದು ಇನ್ನಷ್ಟು ಅಭ್ಯಾಸ. ಎರಡೂ ಕೈಯಿಂದ ಮತ್ತೆ ಬಾರಿಸಲು ಅವರಿಗೆ ಸುಮಾರು ಮೂವತ್ತು ವರ್ಷ ಹಿಡಿಯಿತು. ಆ ನಡುವೆ ಎಡಗೈಗಾಗಿಯೇ ಬರೆದ ಕೃತಿಗಳನ್ನು ಬಾರಿಸಿದರು, ಪಾಠ ಹೇಳಿದರು, ಆರ್ಕೆಸ್ಟ್ರಾ ನಡೆಸಿದರು. ನಿನ್ನ ಊರಿನಲ್ಲೇ ಸಂಗೀತ ರಚನೆಕಾರ ಶೂಮನ್ ಬಾಳಿದ ಮನೆ ಇದೆಯಲ್ಲ, ಇನ್ಸೆಲ್‌ಸ್ಟ್ರಾಸೆಯಲ್ಲಿ, ಅವನ ಬಲಗೈ ಕೆಟ್ಟಾಗ ವಯಸ್ಸು ಇಪ್ಪತ್ತು ದಾಟಿತ್ತಷ್ಟೇ.

ಈಗ ನಾನು ಹೇಳಬೇಕಾದ್ದು ಬೇರೆಯೇ ಇದೆ. ನಮ್ಮ ನಡುಮನೆಯ ಗ್ರ್ಯಾಂಡ್ ಪಿಯಾನೋ ಬಗ್ಗೆ.

ಕೀ ಎಷ್ಟು ಭಾರ ಅಂತ ನೋಡುವುದು ಹೇಗೆಂದು ನಿನಗೆ ಗೊತ್ತು, ಗ್ರಾಂ ಬಟ್ಟುಗಳನ್ನು ನೀನೇ ಎತ್ತಿ ಕೊಡುತ್ತಿದ್ದೆ. ಬಲ ಪೆಡಲ್ ಒತ್ತಿ ಹಿಡಿದು, ತಂತಿಯ ನಾದ ತಡೆಯುವ ಡ್ಯಾಂಪರ್ ಮೇಲೇರಿಸಿ, ಕೀ ತುದಿಯಲ್ಲಿ ಬಟ್ಟು ಇಟ್ಟು, ಕೀ ಎಷ್ಟು ಗ್ರಾಂಗೆ ನಿಧಾನವಾಗಿ ಇಳಿಯುತ್ತದೆ, ಎಷ್ಟನ್ನು ಹೊತ್ತುಕೊಂಡು ಮೇಲೆ ಬರುತ್ತದೆ ಅಂತ ನೋಡಬೇಕು. ನಡು ಸಪ್ತಕದಲ್ಲಿ 50 ಗ್ರಾಂಗೆ ಇಳಿದು, 22 ಗ್ರಾಂ ಹೊತ್ತು ಮೇಲೆ ಬಂದರೆ ಒಳ್ಳೆಯ ಪಿಯಾನೋ. ಎರಡರ ವ್ಯತ್ಯಾಸದ ಅರ್ಧ, 14 ಗ್ರಾಂ, ಒಳಗಿನ ತಿಕ್ಕಾಟ. ಬೆಂಗಳೂರಿನ ಜುಲೈನಲ್ಲಿ ಕೀ ಬುಶಿಂಗ್‌ನ, ಅಂದರೆ ಕೀಯ ರಂಧ್ರಕ್ಕೆ ಅಂಟಿಸಿದ, ಉಣ್ಣೆಬಟ್ಟೆ ತೇವ ಹೀರಿ ಊದಿಕೊಳ್ಳುತ್ತದೆ, ಕೀಯಿಂದ ಹ್ಯಾಮರ್‌ಗೆ ಚಲನೆ ಒಯ್ಯುವ ಆಕ್ಷನ್ನಿನ ಸೆಂಟರ್ ಪಿನ್ ಸುತ್ತಲಿನ ಬಟ್ಟೆಯೂ ಬಿಗಿಯುತ್ತದೆ. ತಿಕ್ಕಾಟ 22ಕ್ಕೆ ಏರಿತು ಅನ್ನು. ಆಗ ಕೀ ಇಳಿಯಲು 58 ಬೇಕು, ಮೇಲೆ ಬರುವಾಗ 14 ಮಾತ್ರ ಹೊರುತ್ತದೆ. ಅಂದರೆ ಒತ್ತಲು ಭಾರ, ಎತ್ತಿದರೂ ಬೇಗ ಮೇಲೆ ಬರುವುದಿಲ್ಲ. ಒಂದೇ ಸ್ವರವನ್ನು ಬೇಗಬೇಗ ಬಾರಿಸುವಾಗ ಕೀ ವಾಪಸು ಬಂದಿರುವುದಿಲ್ಲ, ಸ್ವರ ಬಿಟ್ಟುಹೋಗುತ್ತದೆ, ಬಾರಿಸುವವರು ತಮ್ಮದೇ ತಪ್ಪೆಂದುಕೊಂಡು ಇನ್ನೂ ಜೋರಾಗಿ ಒತ್ತುತ್ತಾರೆ.

ನಮ್ಮ ಪಿಯಾನೋ ಪ್ರತಿ ಮಳೆಗಾಲ ಹೀಗೇ ಆಗುತ್ತಿತ್ತು, ನನಗೆ ಗೊತ್ತಿತ್ತು. ಊರವರ ಪಿಯಾನೋಗಳನ್ನೆಲ್ಲ ಸರಿಮಾಡಿ ಬರುತ್ತಿದ್ದವನು ನಾನು. ಬುಶಿಂಗ್ ಸಡಿಲಿಸುವ ಇಕ್ಕಳದಿಂದ ಮೆಲ್ಲಗೆ ಅದುಮಿದ್ದರೆ ಎರಡು ಸಂಜೆಯ ಕೆಲಸ. ಮಾಡಲಿಲ್ಲ. ಭಾರದ ಕೀ ಮೇಲೆ ಕಲಿತರೆ ಬೆರಳು ಗಟ್ಟಿಯಾಗುತ್ತದೆ, ಗರಡಿಯಲ್ಲಿ ಗದೆ ತಿರುಗಿಸಿದ ಹಾಗೆ, ಅಂತ ನಂಬಿದ್ದೆ. ನೀನು "ಇದು ಮೇಲೆ ಬರಲ್ಲ ಅಪ್ಪ" ಅಂದಾಗ "ಬೆರಳೆತ್ತು" ಅಂದೆ. ಒಂಬತ್ತನೇ ವಯಸ್ಸಿನಿಂದ ಹದಿನೇಳರವರೆಗೆ ಎಂಟು ಮಳೆಗಾಲ. ಉಂಗುರಬೆರಳಿಗೂ ಕಿರುಬೆರಳಿಗೂ ಒಂದೊಂದೇ ಎತ್ತುವ ಸ್ವಾತಂತ್ರ್ಯ ಹುಟ್ಟಿನಿಂದಲೇ ಕಡಿಮೆ. ಎತ್ತಲಾರದ್ದನ್ನು ಬಲವಂತವಾಗಿ ಎತ್ತಿಸಿದವನು ನಾನು. ನಿನ್ನ ಬೆರಳು ಮಡಚುತ್ತಿರುವುದು ಅದರಿಂದಲೇ ಎಂದು ಯಾವ ಡಾಕ್ಟರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು. ಪುಟ್ಟಿ, ತಪ್ಪಾಯಿತು.

ಇನ್ನು ಈ ಮೂರು ವಾರದ ಮಾತು. ಲೆಕ್ಚರ್ ಅಂತ ನಿನಗೆ ಅನ್ನಿಸಬಹುದು, ಆದರೂ ಪೂರ್ತಿ ಓದು.

ಮೂರು ವಾರಕ್ಕೆ ಇರುವ, ಆ ಬ್ಯಾರಿಟೋನ್ ಗಾಯಕನ ಜೊತೆಗಿನ ಕಛೇರಿಯಲ್ಲಿ ಶೂಬರ್ಟ್‌ನ ಹಾಡು ಎರ್ಲ್‌ಕೋನಿಗ್ ಇದೆ. ಒಂದು ನಿಮಿಷಕ್ಕೆ 152 ಬಡಿತ, ಬಡಿತಕ್ಕೆ ಮೂರರಂತೆ ಬಲಗೈಯ ಆಕ್ಟೇವ್ (ಒಂದು ಸಪ್ತಕ ದೂರದ ಎರಡು ಸ್ವರ ಒಟ್ಟಿಗೆ), ಸೆಕೆಂಡಿಗೆ ಏಳೂವರೆ ಸಲ, ಹತ್ತಿರ ಹತ್ತಿರ ನಾಲ್ಕು ನಿಮಿಷ. ಆಕ್ಟೇವ್ ಹಿಡಿದ ಕೈಯಲ್ಲಿ ಕಿರುಬೆರಳು ಚಾಚಿಯೇ ಇರಬೇಕು, ಅದೇ ನಿನಗೆ ಆಗದಿರುವುದು. ಅದು ಮಡಚಿಕೊಳ್ಳಲು ಹೊರಟಾಗ ನೀನು ಮಣಿಕಟ್ಟನ್ನು ಬಿಗಿದು ತಡೆಯುತ್ತೀಯ, ಆ ಬಿಗಿತ ಮೊಣಕೈಗೆ, ಭುಜಕ್ಕೆ ಏರುತ್ತದೆ, ಹಾಡು ಮುಗಿಯುವ ಹೊತ್ತಿಗೆ ಆ ಬಿಗಿಹಿಡಿತವೇ ಕೈಗೆ ಪಾಠವಾಗಿರುತ್ತದೆ. ಶೂಬರ್ಟ್ ತಾನೇ ಬಲಗೈಗೆ ಮೂರರ ಬದಲು ಎರಡೆರಡು ಸ್ವರ ಇಟ್ಟು ಒಂದು ಆವೃತ್ತಿ ಬರೆದಿದ್ದಾನೆ. ಅದನ್ನು ಬಾರಿಸುವುದು ಸೋಲಲ್ಲ. ಆದರೆ ನಿನಗೆ ಈಗ ಅದೂ ಬೇಡ ಅಂತ ನನ್ನ ಅಭಿಪ್ರಾಯ.

ಹಾಡುವವರಿಗೆ ಇವತ್ತೇ ಹೇಳು. ಮೂರು ವಾರ ಮುಂಚೆ ಹೇಳಿದರೆ ಬದಲಿ ಪಿಯಾನಿಸ್ಟ್ ಹುಡುಕಿ, ಸ್ವರಲಿಪಿ ಕಳಿಸಿ, ಎರಡು ರಿಹರ್ಸಲ್ ಮಾಡಲು ಸಮಯವಿರುತ್ತದೆ. ಹಿಂದಿನ ದಿನ ಹೇಳಿದರೆ ಅವರ ಇಡೀ ಸಂಜೆ ಹಾಳು, ಮುಂದೆ ನಿನ್ನನ್ನು ಕರೆಯಲೂ ಯೋಚಿಸುತ್ತಾರೆ. ಅವರು ಯಾವ ಶ್ರುತಿಗೆ ಇಳಿಸಿಕೊಂಡಿದ್ದಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ನಿಧಾನಿಸುತ್ತಾರೆ, ಇದನ್ನೆಲ್ಲ ನಿನ್ನ ಪ್ರತಿಯಲ್ಲಿ ಪೆನ್ಸಿಲ್‌ನಿಂದ ಬರೆದಿರುತ್ತೀಯಲ್ಲ, ಅದರ ಫೋಟೋ ತೆಗೆದು ಬದಲಿಯವರಿಗೆ ಕಳಿಸು. ಜೊತೆಗೆ ಬಾರಿಸುವವರ ಕೆಲಸದಲ್ಲಿ ಮರ್ಯಾದೆ ಅಂದರೆ ಇದೇ. ಹ್ಯಾನೋವರ್‌ನಲ್ಲಿ ಸಂಗೀತಗಾರರ ಕಾಯಿಲೆಗಳಿಗೇ ಮೀಸಲಾದ ಸಂಸ್ಥೆ ಇದೆ, ಅಲ್ಲಿಗೆ ಬರೆ. ಹೋಗುವಾಗ ಬಾಯಲ್ಲಿ ವಿವರಿಸಬೇಡ. ಫೋನನ್ನು ಕೀಗಳ ಮಟ್ಟದಲ್ಲಿ ಪಕ್ಕಕ್ಕಿಟ್ಟು ಸಿ ಮೇಜರ್ ಸ್ಕೇಲನ್ನು ನಿಧಾನವಾಗಿ, ಆಮೇಲೆ ವೇಗವಾಗಿ ಬಾರಿಸಿ ವಿಡಿಯೋ ಮಾಡಿಕೊಂಡು ಹೋಗು. ಅದೇ ಬೆರಳುಗಳು ಮೇಜಿನ ಮೇಲೆ ಏನು ಮಾಡುತ್ತವೆ ಅನ್ನುವುದೂ ಅದರಲ್ಲಿರಲಿ. ಸ್ವರ ತಪ್ಪಿದ ಕಡೆಯನ್ನು ಅಳಿಸಬೇಡ, ಅವರಿಗೆ ಬೇಕಾದ್ದು ಅದೇ.

ಎರಡು ದೇಶದ ಓಡಾಟದ ಬಗ್ಗೆ. ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ತೇವಾಂಶ ಶೇಕಡಾ 30ಕ್ಕಿಂತ ಕೆಳಗೆ ಹೋಗುವುದುಂಟು, ಇಲ್ಲಿ ಮಳೆಗಾಲದಲ್ಲಿ 80 ದಾಟುತ್ತದೆ. ಪಿಯಾನೋಗೆ ಬೇಕಾದ್ದು ಸುಮಾರು 40ರಿಂದ 60. ಅಲ್ಲಿ ಸೌಂಡ್‌ಬೋರ್ಡ್, ತಂತಿಗಳ ಕೆಳಗಿನ ಮರದ ಹಲಗೆ, ಒಣಗಿ ಶ್ರುತಿ ಇಳಿಯುತ್ತದೆ, ಇಲ್ಲಿ ಊದಿ ಏರುತ್ತದೆ, ಎಲ್ಲಕ್ಕಿಂತ ಹೆಚ್ಚು ಏರುವುದು ನಡು ಸಪ್ತಕ. ಒಂದು ವಾರ ಹಗುರ ಕೀ, ಮುಂದಿನ ವಾರ ಬಿಗಿದ ಕೀ, ನಡುವೆ ಒಂದು ವಿಮಾನದ ರಾತ್ರಿ. ಕೈಗೆ ಯಾವುದು ನಿಜವೆಂದು ತಿಳಿಯುವುದೇ ಇಲ್ಲ. ಇನ್ನು ಮುಂದೆ ಇಲ್ಲಿನ ಹಾಲ್‌ಗಳಿಗೆ ಒಪ್ಪುವ ಮುಂಚೆ ಪಿಯಾನೋ ಯಾವುದು ಅನ್ನುವುದರ ಜೊತೆಗೆ ಕಳೆದ ಟ್ಯೂನಿಂಗ್ ಯಾವಾಗ ಆಯಿತು, ಎಷ್ಟು ಹರ್ಟ್ಸ್‌ಗೆ ನಿಂತಿದೆ ಅಂತಲೂ ಕೇಳು. 435ಕ್ಕೆ ಇಳಿದಿರುವುದನ್ನು ಒಂದೇ ದಿನದಲ್ಲಿ ಎಂದಿನ 440ಕ್ಕೆ ಎಳೆದರೆ ನಿಲ್ಲುವುದಿಲ್ಲ, ಒಂದು ಸುತ್ತು ಎಳೆದು ಬಿಟ್ಟು ಮತ್ತೆ ಕೂರಬೇಕು, ತುಕ್ಕು ಹಿಡಿದ ತಂತಿಯಾದರೆ ಹರಿಯುತ್ತದೆ. ಇಳಿದ ಪಿಯಾನೋಗೆ ಪಿಟೀಲಿನವರು ಇಳಿಸಿಕೊಳ್ಳಬಹುದು, ಕೊಳಲಿನವರಿಗೆ ಅಷ್ಟು ಸುಲಭವಲ್ಲ. ಏಸಿಯನ್ನು ಬೆಳಿಗ್ಗೆಯೇ ಹಾಕಿಸು, ರಿಹರ್ಸಲ್ ಮುಗಿದ ಮೇಲೆ ಉಳಿತಾಯವೆಂದು ಆರಿಸದಂತೆ ನೋಡಿಕೋ. ವೇದಿಕೆಯ ದೀಪಗಳನ್ನು ಹಾಕಿಕೊಂಡೇ ಟ್ಯೂನ್ ಮಾಡಿಸು, ಶಾಖಕ್ಕೆ ತಂತಿ ಸಡಿಲುತ್ತದೆ. ಕೀ ಬಿಗಿಯಾಗಿದ್ದರೆ ಅದರ ಮೇಲೆ ಗೆಲ್ಲಲು ಹೋಗಬೇಡ, ಕಾರ್ಯಕ್ರಮವನ್ನೇ ಬದಲಿಸು.

ಮೈಸೂರಿನ ಕಛೇರಿಯ ವಿಷಯ ಬರೆಯಲು ಕೈ ಬರುತ್ತಿಲ್ಲ. ರಷ್ಯದ ರಚನೆಕಾರ ಮೆಟ್ನರ್‌ನ ಹಾಡುಗಳು, ಕೊನೆಗೆ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಅಂತ ನೀನು ಪಟ್ಟಿ ಕಳಿಸಿದ ದಿನ ಅದನ್ನು ಎಷ್ಟು ಜನಕ್ಕೆ ತೋರಿಸಿದೆನೋ. ಜಯಚಾಮರಾಜ ಒಡೆಯರು ಹಣ ಕೊಟ್ಟಿದ್ದರಿಂದ ಲಂಡನ್ನಿನಲ್ಲಿ ಮುದುಕ ಮೆಟ್ನರ್ ತನ್ನ ಸಂಗೀತವನ್ನು ತಾನೇ ಬಾರಿಸಿ ರೆಕಾರ್ಡ್ ಮಾಡಿದ, ತನ್ನ ಮೂರನೇ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೇ ಅರ್ಪಿಸಿದ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಟ್ರಾಸ್‌ನ ಆ ಹಾಡುಗಳು ಮೊದಲು ಕೇಳಿದ್ದೂ ಅವರ ನೆರವಿನಿಂದ. ಆ ಸಂಗೀತ ಮೈಸೂರಿಗೆ ನಿನ್ನ ಕೈಯಲ್ಲಿ ಬರುವುದಿತ್ತು. ನನಗೆ ಅದಕ್ಕಿಂತ ದೊಡ್ಡದೇನೂ ಬೇಕಿರಲಿಲ್ಲ. ಆದರೂ ಮುಂದಕ್ಕೆ ಹಾಕು. ಸಭಾಂಗಣದವರಿಗೆ ನಾನೇ ಫೋನ್ ಮಾಡುತ್ತೇನೆ, ನೀನು ಹೂಂ ಅಂದ ಮೇಲೆ. ನೀನು ಹೇಳದೆ ಮಾಡುವುದಿಲ್ಲ, ಈ ಸಲ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಮ್ಮ ಪಿಯಾನೋದ ಆಕ್ಷನ್ ಹೊರಗೆಳೆದು ಊಟದ ಮೇಜಿನ ಮೇಲೆ ಇಟ್ಟಿದ್ದೇನೆ. ಅಮ್ಮ ಏನೂ ಕೇಳಲಿಲ್ಲ, ತಟ್ಟೆಗಳನ್ನು ಅಡುಗೆಮನೆಗೆ ಒಯ್ದಳು. ತಂತಿಗೆ ಬಡಿಯುವ ಹ್ಯಾಮರ್‌ನ ಕಡ್ಡಿ ತೂಗಿ ಬಿಟ್ಟರೆ ಐದಾರು ಸಲ ತೂಗಿ ನಿಲ್ಲಬೇಕು, ನಡು ಸಪ್ತಕದಲ್ಲಿ ಒಂದೇ ಸಲಕ್ಕೆ ನಿಲ್ಲುವವು ಹನ್ನೊಂದು ಸಿಕ್ಕವು. ಆ ಪಿನ್‌ಗಳನ್ನು ಬದಲಿಸುತ್ತೇನೆ. ಕೀ ಬುಶಿಂಗ್ ಎಡದಿಂದ ಶುರುಮಾಡಿ ನಲವತ್ತೇಳನೆಯದಕ್ಕೆ ಬಂದಿದ್ದೇನೆ. ಇನ್ನು 41 ಬಾಕಿ.

ಡಾಕ್ಟರ ದಿನ ಗೊತ್ತಾದ ಕೂಡಲೇ ತಿಳಿಸು. ಕಛೇರಿ ಬಿಟ್ಟೆಯೋ ಇಲ್ಲವೋ ಅಂತ ನಾನಾಗಿ ಕೇಳುವುದಿಲ್ಲ.

ಇಂತು ನಿನ್ನ
ಅಪ್ಪ