ಅಂಗುಳ ಕೂಡಿತು, ಮಾತು ಕೂಡಬೇಕಿದೆ: ಮಕ್ಕಳ ವಾಕ್ ಚಿಕಿತ್ಸೆಗೆ ದೇಣಿಗೆ ಮನವಿ

ಮಾನ್ಯರೇ,

ಮೂಗಿನ ಹೊಳ್ಳೆಗಳನ್ನು ಬೆರಳಿನಿಂದ ಒತ್ತಿ ಹಿಡಿದು ಒಮ್ಮೆ ‘ಪಾಪ’ ಎನ್ನಿ. ಯಾವ ತೊಡಕೂ ಆಗುವುದಿಲ್ಲ. ಬೆರಳು ತೆಗೆಯದೆ ‘ಮಾಮ’ ಎನ್ನಿ. ಮಾತು ಒಳಗೇ ಸಿಕ್ಕಿಕೊಳ್ಳುತ್ತದೆ. ‘ಪ’ ಹೊರಡುವುದು ಬಾಯಿಯಿಂದ, ‘ಮ’ ಹೊರಡುವುದು ಮೂಗಿನಿಂದ. ಈ ಎರಡು ದಾರಿಗಳ ನಡುವೆ ಬಾಗಿಲಾಗಿರುವುದು ಅಂಗುಳದ ಹಿಂಭಾಗದ ಮೆತ್ತನೆಯ ಪದರ. ಕಿರುನಾಲಿಗೆ ನೇತಾಡುವುದೂ ಅದರ ಅಂಚಿನಲ್ಲೇ. ಮಾತನಾಡುವಾಗ ಅದು ಮೇಲೆದ್ದು ಗಂಟಲಿನ ಹಿಂಗೋಡೆಗೆ ಒತ್ತಿಕೊಂಡು ಮೂಗಿನ ದಾರಿಯನ್ನು ಮುಚ್ಚುತ್ತದೆ.

ಸೀಳು ಅಂಗುಳದೊಂದಿಗೆ ಹುಟ್ಟಿದ ಮಗುವಿಗೆ ಈ ಬಾಗಿಲು ಮುಚ್ಚುವುದಿಲ್ಲ. ‘ಕ’ದಿಂದ ‘ಮ’ದವರೆಗಿನ 25 ವ್ಯಂಜನಗಳಲ್ಲಿ ಅದಕ್ಕೆ ಸಲೀಸಾಗುವುದು ಐದು ಅನುನಾಸಿಕಗಳು ಮಾತ್ರ. ಉಳಿದ 20ಕ್ಕೂ ಬಾಯಿಯೊಳಗೆ ಗಾಳಿ ಒತ್ತಿ ನಿಲ್ಲಬೇಕು. ನಿಲ್ಲುವ ಮೊದಲೇ ಅದು ಮೂಗಿನಿಂದ ಸೋರಿಹೋಗುತ್ತದೆ. ‘ಸ’, ‘ಶ’ಗಳ ಪಾಡೂ ಅದೇ. ‘ಬಾ’ ಎಂದದ್ದು ‘ಮಾ’ ಎಂದು ಕೇಳಿಸುತ್ತದೆ. ಅಪ್ಪನನ್ನು ಕರೆದರೂ ಅಮ್ಮನನ್ನು ಕರೆದಂತಾಗುತ್ತದೆ. ಮಗುವಿಗೆ ತಾನು ಹೇಳಬೇಕಾದದ್ದು ಚೆನ್ನಾಗಿ ಗೊತ್ತು, ಕೇಳುವವರಿಗೆ ತಿಳಿಯುವುದಿಲ್ಲ. ಎರಡು ಮೂರು ಸಲ ‘ಏನು? ಏನು?’ ಎನ್ನಿಸಿಕೊಂಡ ಮೇಲೆ ಅದು ಮಾತನ್ನೇ ಬಿಟ್ಟು ಕೈಸನ್ನೆಗೆ ಇಳಿಯುತ್ತದೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಜಗತ್ತಿನಲ್ಲಿ ಸುಮಾರು 700 ಶಿಶುಗಳಲ್ಲಿ ಒಂದು ಸೀಳು ತುಟಿ ಅಥವಾ ಸೀಳು ಅಂಗುಳದೊಂದಿಗೆ, ಇಲ್ಲವೇ ಎರಡರೊಂದಿಗೂ ಹುಟ್ಟುತ್ತದೆ. ಬಸಿರಿನ ಮೊದಲ ಮೂರು ತಿಂಗಳೊಳಗೆ ಎರಡೂ ಬದಿಗಳಿಂದ ಬೆಳೆದು ನಡುವೆ ಕೂಡಬೇಕಾದ ಅಂಗುಳ ಕೂಡದೆ ಉಳಿದಿರುತ್ತದೆ, ಅಷ್ಟೇ. ತಾಯಂದಿರು ನಮ್ಮ ಮುಂದೆ ಕುಳಿತು ‘ನಾನೇನು ತಪ್ಪು ಮಾಡಿದೆ?’ ಎಂದು ಅಳುತ್ತಾರೆ. ಅಮ್ಮಾ, ನಿಮ್ಮ ತಪ್ಪು ಏನೂ ಇಲ್ಲ.

ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 9ರಿಂದ 18 ತಿಂಗಳ ವಯಸ್ಸಿನಲ್ಲಿ, ಅಂದರೆ ಮಾತು ಬಲಿಯುವ ಮೊದಲೇ ಮಾಡುತ್ತಾರೆ. ಅದು ಬರೀ ಸೀಳನ್ನು ಹೊಲಿದು ಮುಚ್ಚುವ ಕೆಲಸವಲ್ಲ. ಅಂಗುಳವನ್ನು ಎತ್ತುವ ಸ್ನಾಯು ಎಡದಿಂದ ಬಲಕ್ಕೆ ಜೋಲಿಯಂತೆ ಹಾದಿರಬೇಕು. ಸೀಳಿದ್ದಾಗ ಅದು ಎರಡು ತುಂಡಾಗಿ, ದಿಕ್ಕು ತಪ್ಪಿ, ಮುಂದಿನ ಮೂಳೆಯ ಅಂಚಿಗೆ ಅಂಟಿಕೊಂಡಿರುತ್ತದೆ. ವೈದ್ಯರು ಅದನ್ನು ಬಿಡಿಸಿ, ಹಿಂದಕ್ಕೆ ತಿರುಗಿಸಿ, ನಡುವೆ ಕೂಡಿಸಬೇಕು. ಇದು ಸಾಧ್ಯ ಎಂದು ತೋರಿದ ಕಥೆ ಹಳೆಯದು. 1819ರಲ್ಲಿ, ಅರಿವಳಿಕೆಯೇ ಇಲ್ಲದ ಕಾಲದಲ್ಲಿ, ಪ್ಯಾರಿಸ್ಸಿನ ಶಸ್ತ್ರವೈದ್ಯ ಫಿಲಿಬೆರ್ ರೂ ಅವರು ಜಾನ್ ಸ್ಟೀಫನ್‌ಸನ್ ಎಂಬ ವೈದ್ಯವಿದ್ಯಾರ್ಥಿಯ ಅಂಗುಳವನ್ನು ಹೊಲಿದರು. ಆ ವಿದ್ಯಾರ್ಥಿ ಮರುವರ್ಷವೇ ಅದೇ ವಿಷಯದ ಮೇಲೆ ಪ್ರಬಂಧ ಬರೆದು ವೈದ್ಯ ಪದವಿ ಪಡೆದರು. ಮುಂದೆ ಮಾಂಟ್ರಿಯಲ್‌ನಲ್ಲಿ ವೈದ್ಯಕೀಯ ಶಾಲೆ ಕಟ್ಟಿದವರಲ್ಲಿ ಒಬ್ಬರಾಗಿ ಪಾಠವನ್ನೂ ಹೇಳಿದರು. ಮಾತು ತೊಡರುತ್ತಿದ್ದವರು ಮಾತನ್ನೇ ನಂಬಿದ ವೃತ್ತಿಗೆ ಇಳಿದರು ಎನ್ನುವುದು ನಮಗೆ ಬಹಳ ದೊಡ್ಡ ಸಂಗತಿ.

ಶಸ್ತ್ರಚಿಕಿತ್ಸೆಗೆ ಕೊಡುವ ಉದಾರಿಗಳು ಇದ್ದಾರೆ. ಅವರಿಗೆ ನಾವು ಋಣಿಗಳು. ಆದರೆ ಈ ಸಲ ನಾವು ಬೇಡುತ್ತಿರುವುದು ಅದರ ಆಮೇಲಿನ ಕೆಲಸಕ್ಕೆ. ತುಟಿ ಸರಿಪಡಿಸಿದರೆ ‘ಮೊದಲು’, ‘ನಂತರ’ ಎಂದು ಎರಡು ಫೋಟೊ ತೋರಿಸಬಹುದು. ಅಂಗುಳದ್ದು ಹಾಗಲ್ಲ. ಅದು ಕಣ್ಣಿಗೆ ಬೀಳುವುದಿಲ್ಲ, ಕಿವಿಗೇ ಬೀಳಬೇಕು. ಅದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷಗಳೇ ಬೇಕು. ಫೋಟೊ ಇಲ್ಲದ ಈ ಕೆಲಸಕ್ಕೆ ಹಣ ಹುಟ್ಟುವುದು ಕಷ್ಟ.

ಹೊಲಿಗೆ ಮಾಗಿದ ಮೇಲೆ ಮಾತು ತಾನಾಗಿ ಸರಿಹೋಗುವ ಮಕ್ಕಳೂ ಇದ್ದಾರೆ. ಎಲ್ಲರಿಗೂ ಹಾಗಾಗುವುದಿಲ್ಲ. ಗಾಳಿ ಸೋರುತ್ತಿದ್ದ ದಿನಗಳಲ್ಲಿ ಮಗು ತನ್ನದೇ ಒಂದು ಉಪಾಯ ಕಂಡುಕೊಂಡಿರುತ್ತದೆ: ತುಟಿಯಲ್ಲಿ ಆಗಬೇಕಾದ ತಡೆಯನ್ನು ಕೆಳಗೆ ಗಂಟಲಿನಲ್ಲೇ ಮಾಡಿಬಿಡುತ್ತದೆ. ಬಾಗಿಲು ಸರಿಯಾದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ಬಲೂನು ಊದಿಸಿ, ಪೀಪಿ ಊದಿಸಿ ಎಂದು ಸಲಹೆ ಕೊಡುವವರು ಬಹಳ. ದಯವಿಟ್ಟು ನಂಬಬೇಡಿ. ಊದುವ ಅಭ್ಯಾಸದಿಂದ ಮಾತು ತಿದ್ದುವುದಿಲ್ಲ, ಮಾತನ್ನು ಮಾತಿನಿಂದಲೇ ತಿದ್ದಬೇಕು.

ಕಳೆದ ತಿಂಗಳು ನಮ್ಮ ಕೋಣೆಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ವಾಕ್ ಚಿಕಿತ್ಸಕರು ತೆಳು ಕಾಗದದ ಒಂದು ಎಳೆಯನ್ನು ತಮ್ಮ ತುಟಿಯ ಮುಂದೆ ಹಿಡಿದು ‘ಪ’ ಎಂದರು. ಎಳೆ ಹಾರಿತು. ಅವಳ ಸರದಿ ಬಂದಾಗ ಗಂಟಲಲ್ಲಿ ಸಣ್ಣದೊಂದು ಬಿಕ್ಕು ಕೇಳಿಸಿತು, ಕಾಗದ ಅಲುಗಲಿಲ್ಲ. ‘ಪಿಸುಗುಟ್ಟು ಪುಟ್ಟಿ, ಗುಟ್ಟು ಹೇಳುವ ಹಾಗೆ’ ಎಂದರು. ಮತ್ತೆ, ಮತ್ತೆ, ಹದಿನೈದು ಇಪ್ಪತ್ತು ಸಲ. ಆಮೇಲೆ ಒಮ್ಮೆ ಕಾಗದದ ತುದಿ ನಡುಗಿತು. ಅವಳು ಚಿಕಿತ್ಸಕರನ್ನು ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಆ ಕಾಗದವನ್ನೇ ನೋಡುತ್ತ ಇನ್ನೊಮ್ಮೆ ‘ಪ’ ಎಂದಳು. ಒಂದು ಅಕ್ಷರಕ್ಕೆ ಒಂದು ಬೆಳಗು. ಇನ್ನು ಅದು ಪದಕ್ಕೆ, ವಾಕ್ಯಕ್ಕೆ, ಜಗಳಕ್ಕೆ, ಹಟಕ್ಕೆ ಬರಬೇಕು.

ನಿಮ್ಮ ದೇಣಿಗೆ ಹೋಗುವುದು ಇಂಥ ಬೆಳಗುಗಳಿಗೆ: ಚಿಕಿತ್ಸಕರ ಸಂಬಳಕ್ಕೆ ಮತ್ತು ದೂರದಿಂದ ಮಗುವನ್ನು ಕರೆತರುವವರ ಪ್ರಯಾಣಕ್ಕೆ. ಪ್ರಯಾಣವೆಂದರೆ ಸಣ್ಣ ಬಾಬತ್ತು ಎನ್ನಿಸಬಹುದು. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಅಲ್ಲೇ. ಒಂದು ಪಾಲು ಕಿವಿಯ ಪರೀಕ್ಷೆಗೆ. ಈ ಮಕ್ಕಳ ನಡುಗಿವಿಯಲ್ಲಿ ದ್ರವ ತುಂಬಿಕೊಳ್ಳುವುದು ಸಾಮಾನ್ಯ, ಕೇಳಿಸದ ಅಕ್ಷರವನ್ನು ಯಾರೂ ಕಲಿಸಲಾರರು. ಹೊಲಿಗೆಯ ನಂತರವೂ ಕೆಲವರ ಅಂಗುಳ ಹಿಂಗೋಡೆಯನ್ನು ಮುಟ್ಟದಷ್ಟು ಗಿಡ್ಡವಾಗಿಯೇ ಉಳಿಯುತ್ತದೆ. ಅಂಥವರಿಗೆ ಎಷ್ಟು ಅಭ್ಯಾಸ ಮಾಡಿಸಿದರೂ ಸೋರಿಕೆ ನಿಲ್ಲದು. ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಎರಡನೆಯ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಅದಕ್ಕೂ ಈ ನಿಧಿಯಿಂದಲೇ ಕೊಡುತ್ತೇವೆ.

ಇಷ್ಟೇ ಕೊಡಿ ಎಂದು ಕೇಳುವುದಿಲ್ಲ. ಆದರೆ ಒಂದೇ ಸಲ ದೊಡ್ಡ ಮೊತ್ತ ಬರುವುದಕ್ಕಿಂತ ತಿಂಗಳು ತಿಂಗಳು ಚಿಕ್ಕದೊಂದು ಮೊತ್ತ ಬಂದರೆ ನಮಗೆ ಹೆಚ್ಚು ಅನುಕೂಲ. ಚಿಕಿತ್ಸೆ ನಡೆಯುವುದೂ ತಿಂಗಳ ಲೆಕ್ಕದಲ್ಲೇ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಲೆಕ್ಕಪತ್ರವನ್ನು ಟ್ರಸ್ಟ್ ಕಚೇರಿಗೆ ಬಂದು ಯಾರು ಬೇಕಾದರೂ ನೋಡಬಹುದು. ಮಕ್ಕಳ ಹೆಸರು, ಮುಖ ಮಾತ್ರ ಕೇಳಬೇಡಿ, ಅವನ್ನು ನಾವು ಎಲ್ಲಿಯೂ ಹಾಕುವುದಿಲ್ಲ.

ಹಣ ಕಳುಹಿಸುವಾಗ ‘ವಾಕ್ ಚಿಕಿತ್ಸೆಗೆ’ ಎಂದು ಮರೆಯದೆ ಬರೆಯಿರಿ. ಹಾಗೆ ಬರೆದದ್ದನ್ನು ಬೇರೆ ಯಾವ ಖರ್ಚಿಗೂ ಮುಟ್ಟುವುದಿಲ್ಲ.

ಇಂತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ